ಮಾರಿಟ್ ಬ್ಯೋರ್ಗೆನ್: ನಾಲ್ಕು ನಿಮಿಷದ ಸ್ಪರ್ಧೆಗೂ ಒಂದೂವರೆ ಗಂಟೆಯ ಸ್ಪರ್ಧೆಗೂ ಒಂದೇ ದೇಹ

2010ರ ಫೆಬ್ರುವರಿ 17ರಂದು, ಕೆನಡಾದಲ್ಲಿ ನಡೆಯುತ್ತಿದ್ದ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ, ನಾರ್ವೆಯ ಮಾರಿಟ್ ಬ್ಯೋರ್ಗೆನ್ ಅವರು ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನ ಸ್ಪ್ರಿಂಟ್ ಸ್ಪರ್ಧೆಯನ್ನು ಗೆದ್ದರು. ಆ ಅಂತಿಮ ಸುತ್ತು ನಾಲ್ಕು ನಿಮಿಷದೊಳಗೆ ಮುಗಿಯಿತು. ಹತ್ತು ದಿನಗಳ ನಂತರ ಅವರೇ 30 ಕಿಲೋಮೀಟರ್ ಸ್ಪರ್ಧೆಯಲ್ಲಿ ಪೋಲೆಂಡಿನ ಯುಸ್ಟಿನಾ ಕೊವಾಲ್ಚಿಕ್ ಅವರೊಂದಿಗೆ ಒಂದೂವರೆ ಗಂಟೆ ಸೆಣಸಿ, ಕೇವಲ 0.3 ಸೆಕೆಂಡಿನ ಅಂತರದಲ್ಲಿ ಎರಡನೆಯವರಾದರು. ಇವೆರಡರ ನಡುವೆ ಅವರು ಇನ್ನೂ ಎರಡು ಚಿನ್ನ ಗೆದ್ದಿದ್ದರು. ಸ್ಪ್ರಿಂಟ್‌ಗೆ ಎರಡು ದಿನ ಮೊದಲು ಒಂದು ಕಂಚೂ ಬಂದಿತ್ತು. ಆ ಕ್ರೀಡಾಕೂಟದಲ್ಲಿ ಅವರಷ್ಟು ಪದಕ ಗೆದ್ದವರು ಬೇರೆ ಯಾರೂ ಇರಲಿಲ್ಲ.

ಓಟದ ಕ್ರೀಡೆಯನ್ನು ಬಲ್ಲವರಿಗೆ ಇದು ಒಗಟಿನಂತೆ ಕಾಣುವುದು ಸಹಜ. 1500 ಮೀಟರ್ ಓಟದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ವ್ಯಕ್ತಿ ಅದೇ ಕೂಟದಲ್ಲಿ ಒಂದೂವರೆ ಗಂಟೆಯ ಓಟಕ್ಕೂ ನಿಂತು ಚಿನ್ನದ ಅಂಚಿಗೆ ಬರುವುದನ್ನು ನಾವು ಕಾಣುವುದಿಲ್ಲ. ಬ್ಯೋರ್ಗೆನ್ ಇದನ್ನು ಒಮ್ಮೆ ಮಾಡಿ ಬಿಟ್ಟವರಲ್ಲ. 2002ರಿಂದ 2018ರವರೆಗೆ ಐದು ಒಲಿಂಪಿಕ್ಸ್‌ಗಳಲ್ಲಿ ಅವರು 8 ಚಿನ್ನ, 4 ಬೆಳ್ಳಿ ಮತ್ತು 3 ಕಂಚು ಸೇರಿ 15 ಪದಕ ಗೆದ್ದರು. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ 18 ಚಿನ್ನಗಳೂ ಸೇರಿದಂತೆ 26 ಪದಕ, ಚಳಿಗಾಲದುದ್ದಕ್ಕೂ ನಡೆಯುವ ವಿಶ್ವಕಪ್ ಸರಣಿಯಲ್ಲಿ 114 ವೈಯಕ್ತಿಕ ಗೆಲುವು ಅವರ ಹೆಸರಿನಲ್ಲಿವೆ. ನಿವೃತ್ತರಾದಾಗ ಚಳಿಗಾಲದ ಒಲಿಂಪಿಕ್ಸ್‌ನ ಇತಿಹಾಸದಲ್ಲಿ, ಪುರುಷರನ್ನೂ ಸೇರಿಸಿ, ಅತಿ ಹೆಚ್ಚು ಪದಕಗಳು ಅವರದೇ ಆಗಿದ್ದವು. ಈ ಸಂಖ್ಯೆಗಳು ಬೆರಗು ಹುಟ್ಟಿಸುತ್ತವೆ, ಆದರೆ ತಾವಾಗಿಯೇ ಏನನ್ನೂ ವಿವರಿಸುವುದಿಲ್ಲ. ಅವುಗಳ ಹಿಂದಿರುವುದನ್ನು ತಿಳಿಯಬೇಕಾದರೆ ಮೊದಲು ಈ ಕ್ರೀಡೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕು.

ಹಿಮದ ಮೇಲೆ ಎರಡು ಶೈಲಿ

ಟಿವಿಯಲ್ಲಿ ನಾವು ಹೆಚ್ಚಾಗಿ ನೋಡುವುದು ಕಡಿದಾದ ಬೆಟ್ಟದಿಂದ ಕೆಳಗೆ ಜಾರುವ ಆಲ್ಪೈನ್ ಸ್ಕೀಯಿಂಗ್. ಕ್ರಾಸ್‌ಕಂಟ್ರಿ ಅದಲ್ಲ. ಇಲ್ಲಿಯ ಹಾದಿಯಲ್ಲಿ ಏರು, ಇಳಿಜಾರು ಮತ್ತು ಸಮತಟ್ಟು ಹೆಚ್ಚುಕಡಿಮೆ ಸಮಪಾಲಿನಲ್ಲಿರುತ್ತವೆ. ಸ್ಪರ್ಧಿ ತನ್ನ ಕಾಲಿನ ಮತ್ತು ತೋಳಿನ ಬಲದಿಂದಲೇ ಅದನ್ನು ದಾಟಬೇಕು. ಏರಿನಲ್ಲಿ ಕಳೆದುಕೊಂಡ ಸಮಯ ಇಳಿಜಾರಿನಲ್ಲಿ ಸುಲಭಕ್ಕೆ ಮರಳುವುದಿಲ್ಲ. ಹೀಗಾಗಿ ಫಲಿತಾಂಶ ನಿರ್ಧಾರವಾಗುವುದು ಬಹುಮಟ್ಟಿಗೆ ಏರಿನಲ್ಲಿ.

ಈ ಕ್ರೀಡೆಯಲ್ಲಿ ಎರಡು ಶೈಲಿಗಳಿವೆ. ಕ್ಲಾಸಿಕ್ ಶೈಲಿಯಲ್ಲಿ ಎರಡು ಸ್ಕೀಗಳೂ ಹಿಮದಲ್ಲಿ ಕೊರೆದ ಸಮಾನಾಂತರ ಜಾಡುಗಳಲ್ಲಿ ನೇರವಾಗಿ ಸಾಗುತ್ತವೆ. ಒಂದು ಕಾಲನ್ನು ಒತ್ತಿ ಹಿಂದಕ್ಕೆ ತಳ್ಳಿ ಇನ್ನೊಂದರ ಮೇಲೆ ಜಾರುವುದು ಇದರ ಮೂಲ ಚಲನೆ. ಫ್ರೀಸ್ಟೈಲ್ ಅಥವಾ ಸ್ಕೇಟಿಂಗ್ ಶೈಲಿಯಲ್ಲಿ ಸ್ಕೀಗಳನ್ನು ಓರೆಯಾಗಿ ಹೊರಕ್ಕೆ ತಿರುಗಿಸಿ, ಅಂಚಿನಿಂದ ಹಿಮವನ್ನು ಒದ್ದು ಮುನ್ನುಗ್ಗಲಾಗುತ್ತದೆ. 1980ರ ದಶಕದ ಮೊದಲ ಭಾಗದಲ್ಲಿ ಸ್ಕೇಟಿಂಗ್ ಹರಡಿದಾಗ ಅದು ಎಷ್ಟು ವೇಗವಾಗಿತ್ತೆಂದರೆ ಹಳೆಯ ಶೈಲಿ ಅಳಿದೇಹೋಗುವ ಭಯ ಹುಟ್ಟಿತು. ಆಡಳಿತಗಾರರು ಸ್ಕೇಟಿಂಗನ್ನು ನಿಷೇಧಿಸಲಿಲ್ಲ. ಎರಡೂ ಶೈಲಿಗಳಿಗೆ ಬೇರೆ ಬೇರೆ ಸ್ಪರ್ಧೆಗಳನ್ನು ಮಾಡಿದರು. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಿಂದ ಈ ವಿಂಗಡಣೆ ಒಲಿಂಪಿಕ್ ಮಟ್ಟಕ್ಕೂ ಬಂತು. ಅದು ವಿವೇಕದ ತೀರ್ಮಾನವೆಂದು ನನ್ನ ಭಾವನೆ. ಒಂದೇ ಚಳಿಗಾಲದಲ್ಲಿ ಎರಡೂ ಶೈಲಿಗಳಲ್ಲಿ ಗೆಲ್ಲಬಲ್ಲವರು ಯಾರು ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು, ಮತ್ತು ಬ್ಯೋರ್ಗೆನ್ ಅವರ ಹಿರಿಮೆಯನ್ನು ಅಳೆಯುವ ಮುಖ್ಯ ಮಾನದಂಡಗಳಲ್ಲಿ ಅದೂ ಒಂದು.

ಕ್ಲಾಸಿಕ್ ಶೈಲಿಯಲ್ಲಿ ಒಂದು ವಿರೋಧಾಭಾಸವಿದೆ. ಸ್ಕೀ ಮುಂದಕ್ಕೆ ಜಾರಬೇಕು, ಆದರೆ ಕಾಲು ಒತ್ತಿದ ಕ್ಷಣದಲ್ಲಿ ಜಾರದೆ ಹಿಡಿದುಕೊಳ್ಳಬೇಕು. ಇದಕ್ಕಾಗಿ ಸ್ಕೀಯನ್ನು ಬಿಲ್ಲಿನಂತೆ ನಡುವೆ ಬಾಗಿಸಿ ಮಾಡಿರುತ್ತಾರೆ. ದೇಹದ ಭಾರ ಎರಡೂ ಸ್ಕೀಗಳ ಮೇಲೆ ಹಂಚಿಹೋದಾಗ ನಡುಭಾಗ ಹಿಮಕ್ಕೆ ತಗಲುವುದಿಲ್ಲ. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ಒತ್ತಿದಾಗ ಅದು ತಗ್ಗಿ ಹಿಮವನ್ನು ಮುಟ್ಟುತ್ತದೆ. ಆ ನಡುಭಾಗಕ್ಕೆ ಹಿಡಿತದ ಮೇಣವನ್ನೂ, ಹಿಂದು ಮುಂದಿನ ಭಾಗಗಳಿಗೆ ಜಾರುವ ಮೇಣವನ್ನೂ ಹಚ್ಚುತ್ತಾರೆ. ಹಿಮದ ಉಷ್ಣತೆ, ತೇವ ಮತ್ತು ಹರಳುಗಳ ಸ್ವರೂಪ ಬದಲಾದಂತೆ ಮೇಣವೂ ಬದಲಾಗಬೇಕು. ಆಯ್ಕೆ ತಪ್ಪಿದರೆ ಎಂಥ ಸ್ಪರ್ಧಿಯೂ ಸೋಲುತ್ತಾರೆ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಬೆಚ್ಚಗಿನ ಹವೆಗೆ ಒದ್ದೆಯಾದ ಹಿಮದ ಮೇಲೆ ನಾರ್ವೆಯವರ ಸ್ಕೀಗಳು ಸರಿಯಾಗಿ ಜಾರಲಿಲ್ಲ, ಮತ್ತು ಗೆಲ್ಲುವುದು ಖಚಿತವೆಂದು ಎಲ್ಲರೂ ಭಾವಿಸಿದ್ದ ಮಹಿಳಾ ರಿಲೇ ತಂಡ ಐದನೆಯ ಸ್ಥಾನಕ್ಕೆ ಇಳಿಯಿತು. ಬ್ಯೋರ್ಗೆನ್ ಆ ತಂಡದಲ್ಲಿದ್ದರು.

ಇನ್ನು ಸ್ಪರ್ಧೆಯ ಬಗೆಗಳು. ಕೆಲವು ಸ್ಪರ್ಧೆಗಳಲ್ಲಿ ಒಬ್ಬೊಬ್ಬರೇ ಅರ್ಧ ನಿಮಿಷದ ಅಂತರದಲ್ಲಿ ಹೊರಟು ಗಡಿಯಾರದ ವಿರುದ್ಧ ಸ್ಪರ್ಧಿಸುತ್ತಾರೆ. ಕೆಲವುಗಳಲ್ಲಿ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ. ಸ್ಕಿಯಾಥ್ಲಾನ್ ಎಂಬುದರಲ್ಲಿ ಮೊದಲರ್ಧವನ್ನು ಕ್ಲಾಸಿಕ್ ಶೈಲಿಯಲ್ಲಿ ಮುಗಿಸಿ, ನಡುವೆ ಸ್ಕೀ ಮತ್ತು ಕೋಲುಗಳನ್ನು ಬದಲಿಸಿ, ಉಳಿದರ್ಧವನ್ನು ಫ್ರೀಸ್ಟೈಲ್‌ನಲ್ಲಿ ಪೂರೈಸಬೇಕು. ಸ್ಪ್ರಿಂಟ್‌ನಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಹಾದಿಯನ್ನು ಅರ್ಹತಾ ಸುತ್ತು, ಕ್ವಾರ್ಟರ್‌ಫೈನಲ್, ಸೆಮಿಫೈನಲ್ ಮತ್ತು ಫೈನಲ್ ಎಂದು ಒಂದೇ ದಿನ ನಾಲ್ಕು ಬಾರಿ ದಾಟಬೇಕು.

ಆರಂಭದ ಒಗಟಿಗೆ ಅರ್ಧ ಉತ್ತರ ಇಲ್ಲಿಯೇ ಸಿಗುತ್ತದೆ. ಸ್ಪ್ರಿಂಟ್ ಎಂದರೆ ನಮಗೆ 100 ಮೀಟರ್ ಓಟ ನೆನಪಾಗುತ್ತದೆ, ಆದರೆ ಸ್ಕೀ ಸ್ಪ್ರಿಂಟ್ ಮೂರರಿಂದ ನಾಲ್ಕು ನಿಮಿಷದ ಶ್ರಮ. ಅಷ್ಟು ಹೊತ್ತಿನ ಶ್ರಮಕ್ಕೆ ಬೇಕಾದ ಶಕ್ತಿಯ ಬಹುಪಾಲು ಬರುವುದು ಉಸಿರಿನ ಆಮ್ಲಜನಕದಿಂದಲೇ. ಅದನ್ನು ದಿನಕ್ಕೆ ನಾಲ್ಕು ಬಾರಿ ಮಾಡಬೇಕಾದಾಗ ಸುತ್ತುಗಳ ನಡುವೆ ಬೇಗ ಚೇತರಿಸಿಕೊಳ್ಳುವವರಿಗೆ ಅನುಕೂಲ ಹೆಚ್ಚು, ಮತ್ತು ಆ ಚೇತರಿಕೆಯೂ ಆಮ್ಲಜನಕವನ್ನೇ ಅವಲಂಬಿಸಿದೆ. ಇನ್ನೊಂದು ಕಡೆ, ಎಲ್ಲರೂ ಒಟ್ಟಿಗೇ ಹೊರಡುವ 30 ಕಿಲೋಮೀಟರ್ ಸ್ಪರ್ಧೆಯಲ್ಲಿ ಹಿಂಬಾಲಿಸುವವರಿಗೆ ಗಾಳಿಯ ತಡೆ ಕಡಿಮೆಯಾಗುವುದರಿಂದ ಹಲವರು ಕೊನೆಯವರೆಗೂ ಗುಂಪಿನಲ್ಲಿಯೇ ಉಳಿಯುತ್ತಾರೆ, ಮತ್ತು ಪದಕ ಯಾರಿಗೆಂಬುದು ಕೊನೆಯ ಕೆಲವು ನೂರು ಮೀಟರ್‌ಗಳ ರಭಸದಲ್ಲಿ ತೀರ್ಮಾನವಾಗುತ್ತದೆ. ಹೊರಗಿನಿಂದ ನೋಡುವವರಿಗೆ ತೋರುವಷ್ಟು ದೂರ ಈ ಎರಡು ಸ್ಪರ್ಧೆಗಳ ನಡುವೆ ಇಲ್ಲ. ಆದರೂ ಎರಡನ್ನೂ ಜಗತ್ತಿನ ಅತ್ಯುನ್ನತ ಮಟ್ಟದಲ್ಲಿ ಗೆಲ್ಲುವವರು ಅತಿ ವಿರಳ. ಉತ್ತರದ ಉಳಿದರ್ಧ ಬ್ಯೋರ್ಗೆನ್ ಅವರ ದೇಹದಲ್ಲಿ ಮತ್ತು ಆ ದೇಹವನ್ನು ಕಟ್ಟಿದ ರೀತಿಯಲ್ಲಿದೆ.

ರೋಗ್ನೆಸ್‌ನಿಂದ ಮೇಲಕ್ಕೆ

ಬ್ಯೋರ್ಗೆನ್ 1980ರ ಮಾರ್ಚ್ 21ರಂದು ಟ್ರೋನ್‌ಹೈಮ್‌ನಲ್ಲಿ ಹುಟ್ಟಿದರು; ಬೆಳೆದದ್ದು ಅದರ ದಕ್ಷಿಣಕ್ಕಿರುವ ರೋಗ್ನೆಸ್ ಎಂಬ ಸಣ್ಣ ಊರಿನ ಕೃಷಿ ಕುಟುಂಬದಲ್ಲಿ. ಆ ಊರಿನ ಕ್ರೀಡಾಸಂಘವಾದ ರೋಗ್ನೆಸ್ ಐಎಲ್‌ನ ಹೆಸರನ್ನು ಅವರು ವಿಶ್ವಮಟ್ಟಕ್ಕೇರಿದ ನಂತರವೂ ಹೊತ್ತಿದ್ದರು. ನಾರ್ವೆಯಲ್ಲಿ ಇದು ವಿಶೇಷವಲ್ಲ. ಅಲ್ಲಿಯ ಕ್ರೀಡಾ ವ್ಯವಸ್ಥೆ ನಿಂತಿರುವುದು ತಂದೆತಾಯಂದಿರೂ ಊರವರೂ ಸಂಬಳವಿಲ್ಲದೆ ದುಡಿದು ನಡೆಸುವ ಇಂಥ ಸಾವಿರಾರು ಸಂಘಗಳ ಮೇಲೆ. ಊರುಗಳ ಅಂಚಿನ ಕಾಡುಗಳಲ್ಲಿ ದೀಪ ಹಾಕಿದ ಸ್ಕೀ ಹಾದಿಗಳಿರುವುದರಿಂದ, ಮಧ್ಯಾಹ್ನವೇ ಕತ್ತಲಾಗುವ ಚಳಿಗಾಲದಲ್ಲಿಯೂ ಶಾಲೆ ಮುಗಿಸಿದ ಮಕ್ಕಳು ಸ್ಕೀ ಕಟ್ಟಿಕೊಂಡು ಹೊರಡಬಹುದು.

ನಾರ್ವೆಯ ಮಕ್ಕಳ ಕ್ರೀಡಾ ನಿಯಮಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು, ಏಕೆಂದರೆ ಅವು ನಮ್ಮ ಊಹೆಗೆ ವಿರುದ್ಧವಾಗಿವೆ. 1987ರಲ್ಲಿ ಅಲ್ಲಿಯ ಕ್ರೀಡಾ ಒಕ್ಕೂಟ ಅಂಗೀಕರಿಸಿದ ಈ ನಿಯಮಗಳು ಕಾಲಕ್ರಮದಲ್ಲಿ ಪರಿಷ್ಕಾರಗೊಂಡು, ಹನ್ನೊಂದರ ವಯಸ್ಸಿಗೆ ಮೊದಲು ಮಕ್ಕಳ ಸ್ಪರ್ಧೆಗಳಲ್ಲಿ ಸ್ಥಾನಪಟ್ಟಿ ಪ್ರಕಟಿಸಬಾರದು, ಹದಿಮೂರಕ್ಕೆ ಮೊದಲು ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಕಳುಹಿಸಬಾರದು ಎನ್ನುತ್ತವೆ. ಎಂಟು ವರ್ಷದ ಮಗುವನ್ನು ರಾಜ್ಯಮಟ್ಟದ ಪದಕಕ್ಕಾಗಿ ಅಣಿಗೊಳಿಸುವ ನಮ್ಮ ಕಡೆಯ ಅನೇಕ ತರಬೇತಿ ಕೇಂದ್ರಗಳ ಚಿಂತನೆಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಸಹನಶಕ್ತಿಯ ಕ್ರೀಡೆಗಳಲ್ಲಿ ದೇಹ ಪೂರ್ಣ ಪಕ್ವವಾಗುವುದು ಇಪ್ಪತ್ತರ ನಂತರ. ಅಲ್ಲಿಯವರೆಗೆ ಮಗು ಆ ಕ್ರೀಡೆಯನ್ನು ಬಿಡದಂತೆ ನೋಡಿಕೊಳ್ಳುವುದೇ ದೊಡ್ಡ ಗೆಲುವು. ಬ್ಯೋರ್ಗೆನ್ ಅವರ ಮೊದಲ ಒಲಿಂಪಿಕ್ ಚಿನ್ನ ಬಂದದ್ದು 29ನೆಯ ವಯಸ್ಸಿನಲ್ಲಿ ಎಂಬುದನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಅದಕ್ಕೆ ಮೊದಲು ಅವರು ಎತ್ತರವನ್ನೂ ಕುಸಿತವನ್ನೂ ಕಂಡಿದ್ದರು. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ರಿಲೇ ಬೆಳ್ಳಿ ಅವರ ಮೊದಲ ಒಲಿಂಪಿಕ್ ಪದಕ. 2003ರಲ್ಲಿ ಇಟಲಿಯ ವಾಲ್ ದಿ ಫಿಯೆಮ್ಮೆಯಲ್ಲಿ ಸ್ಪ್ರಿಂಟ್ ಗೆದ್ದು ಮೊದಲ ಬಾರಿ ವಿಶ್ವ ಚಾಂಪಿಯನ್ ಆದರು. ಆಗ ಅವರನ್ನು ಕಡಿಮೆ ದೂರದ ಸ್ಪರ್ಧಿ ಎಂದೇ ಎಲ್ಲರೂ ಪರಿಗಣಿಸಿದ್ದರು. ಎರಡೇ ವರ್ಷಗಳಲ್ಲಿ, 2005ರ ಒಬರ್ಸ್ಟ್‌ಡಾರ್ಫ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, 30 ಕಿಲೋಮೀಟರ್ ಕ್ಲಾಸಿಕ್ ಚಿನ್ನವೂ ಸೇರಿದಂತೆ ಐದು ಪದಕ ಗೆದ್ದು ಆ ಅಭಿಪ್ರಾಯವನ್ನು ಅಳಿಸಿಹಾಕಿದರು. 2005 ಮತ್ತು 2006ರಲ್ಲಿ ವಿಶ್ವಕಪ್‌ನ ಒಟ್ಟಾರೆ ಪ್ರಶಸ್ತಿಯೂ ಅವರದಾಯಿತು.

ನಂತರ ಇಳಿತ ಬಂತು. 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ ಅನಾರೋಗ್ಯದ ನಡುವೆ ಅವರಿಗೆ ದಕ್ಕಿದ್ದು 10 ಕಿಲೋಮೀಟರ್‌ನ ಒಂದು ಬೆಳ್ಳಿ ಮಾತ್ರ. 2007ರ ಸಪ್ಪೊರೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನವಿಲ್ಲ. 2009ರ ಲಿಬೆರೆಟ್ಸ್ ಚಾಂಪಿಯನ್‌ಷಿಪ್‌ನಲ್ಲಿ ಪದಕವೇ ಇಲ್ಲ. ಅವರ ವೃತ್ತಿಜೀವನದ ಅತ್ಯಂತ ಮುಖ್ಯ ಭಾಗ ಇದೇ ಎಂದು ನಾನು ಭಾವಿಸುತ್ತೇನೆ. ಇಪ್ಪತ್ತೆಂಟು ದಾಟಿದ, ಎರಡು ಬಾರಿ ವಿಶ್ವಕಪ್ ಗೆದ್ದ, ಮೂರು ವರ್ಷಗಳಿಂದ ಹಿಂದೆ ಬಿದ್ದಿರುವ ಕ್ರೀಡಾಪಟುವಿನ ಮುಂದೆ ಸಾಮಾನ್ಯವಾಗಿ ಇರುವ ದಾರಿ ಗೌರವದಿಂದ ವಿದಾಯ ಹೇಳುವುದು. ಬ್ಯೋರ್ಗೆನ್ ಮತ್ತು ಅವರ ತರಬೇತುದಾರರು ಬೇರೆ ದಾರಿ ಹಿಡಿದರು. ತರಬೇತಿಯನ್ನು ಬುಡದಿಂದ ಮರುಪರಿಶೀಲಿಸಿ, ಎಷ್ಟು ಶ್ರಮಪಡಬೇಕು ಎಂಬುದರಷ್ಟೇ ಗಮನವನ್ನು ದೇಹ ಅದರಿಂದ ಚೇತರಿಸಿಕೊಳ್ಳುತ್ತಿದೆಯೇ ಎಂಬುದಕ್ಕೂ ಕೊಟ್ಟರು. ಎಗಿಲ್ ಕ್ರಿಸ್ಟಿಯಾನ್ಸೆನ್ ಅವರ ಮಾರ್ಗದರ್ಶನದಲ್ಲಿದ್ದ ನಾರ್ವೆಯ ಮಹಿಳಾ ತಂಡ ಅದೇ ವೇಳೆಗೆ ಗಟ್ಟಿಗೊಳ್ಳುತ್ತಿತ್ತು. ಅದರ ಫಲ ವ್ಯಾಂಕೂವರ್‌ನಲ್ಲಿ ಕಂಡಿತು.

ನಿಧಾನದ ಗಂಟೆಗಳು

ಬ್ಯೋರ್ಗೆನ್ ತಮ್ಮ ತರಬೇತಿಯ ದಿನಚರಿಯನ್ನು ವರ್ಷಗಟ್ಟಲೆ ದಾಖಲಿಸಿಟ್ಟಿದ್ದರು. ಅವರ 17 ವರ್ಷಗಳ ದಾಖಲೆಗಳನ್ನು ವಿಶ್ಲೇಷಿಸಿ ನಾರ್ವೆಯ ಕ್ರೀಡಾವಿಜ್ಞಾನಿಗಳಾದ ಗುರೊ ಸೊಲ್ಲಿ, ಎಸ್ಪೆನ್ ಟೊನ್ನೆಸೆನ್ ಮತ್ತು ಒಯ್ವಿಂಡ್ ಸಾಂಡ್‌ಬಾಕ್ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಗ್ರ ಕ್ರೀಡಾಪಟುವೊಬ್ಬರ ತರಬೇತಿ ಇಷ್ಟು ವಿವರವಾಗಿ ಸಾರ್ವಜನಿಕವಾಗುವುದು ಅಪರೂಪ.

ಅದರ ಪ್ರಕಾರ, 20ನೆಯ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು 520 ಗಂಟೆ ಇದ್ದ ಅವರ ತರಬೇತಿ 35ನೆಯ ವಯಸ್ಸಿನ ಹೊತ್ತಿಗೆ ಸುಮಾರು 940 ಗಂಟೆಗೆ ಏರಿತ್ತು. ಹದಿನೈದು ವರ್ಷಗಳಲ್ಲಿ ಸುಮಾರು ಶೇ 80ರ ಹೆಚ್ಚಳ. ವಾರಕ್ಕೆ ಲೆಕ್ಕ ಹಾಕಿದರೆ ಸರಾಸರಿ 18 ಗಂಟೆ. ಅದಕ್ಕಿಂತಲೂ ಗಮನಿಸಬೇಕಾದದ್ದು ಆ ಗಂಟೆಗಳ ಹಂಚಿಕೆ: ಸಹನಶಕ್ತಿಯ ತರಬೇತಿಯ ಶೇ 90ಕ್ಕೂ ಹೆಚ್ಚು ಸಮಯ ಕಡಿಮೆ ತೀವ್ರತೆಯದು. ಎಂದರೆ ಜೊತೆಯವರೊಂದಿಗೆ ಮಾತನಾಡುತ್ತಲೇ ಸಾಗಬಹುದಾದ ವೇಗ. ಏದುಸಿರು ಬಿಡಿಸುವ ಕಠಿಣ ತರಬೇತಿಗೆ ಸಿಕ್ಕ ಸಮಯ ಶೇಕಡಾ ಐದರ ಆಸುಪಾಸು.

ಗೆಲ್ಲುವುದು ಅತಿವೇಗದಿಂದ, ಆದರೆ ತರಬೇತಿಯ ಬಹುಪಾಲು ನಿಧಾನದಲ್ಲಿ ಎಂಬುದು ಮೊದಲ ನೋಟಕ್ಕೆ ಸರಿಹೊಂದುವುದಿಲ್ಲ. ಅದರ ತರ್ಕ ಹೀಗಿದೆ. ಸ್ನಾಯು ದೀರ್ಘಕಾಲ ದುಡಿಯಬೇಕಾದರೆ ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತವನ್ನು ತಳ್ಳಬೇಕು, ಸ್ನಾಯುವಿನೊಳಗೆ ಸೂಕ್ಷ್ಮ ರಕ್ತನಾಳಗಳ ಜಾಲ ದಟ್ಟವಾಗಬೇಕು, ಮತ್ತು ಆಮ್ಲಜನಕವನ್ನು ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಹೆಚ್ಚಬೇಕು. ಈ ಮಾರ್ಪಾಡುಗಳು ಕೆಲವು ವಾರಗಳಲ್ಲಿ ಮುಗಿಯುವಂಥವಲ್ಲ. ಗಂಟೆಗಟ್ಟಲೆಯ ಪುನರಾವರ್ತನೆಯಿಂದ ವರ್ಷಾನುಗಟ್ಟಲೆ ಬೆಳೆಯುವಂಥವು. ಕಡಿಮೆ ತೀವ್ರತೆಯಲ್ಲಿ ದೇಹಕ್ಕೂ ನರಮಂಡಲಕ್ಕೂ ಆಗುವ ದಣಿವು ಕಡಿಮೆಯಾದ್ದರಿಂದ, ಮರುದಿನ ಮತ್ತೆ ಅಷ್ಟೇ ಹೊತ್ತು ತರಬೇತಿ ಮಾಡಬಹುದು. ಹೀಗೆ ಉಳಿದ ಶಕ್ತಿಯನ್ನು ವಾರದ ಕೆಲವೇ ಕಠಿಣ ಅವಧಿಗಳಿಗೆ ಪೂರ್ತಿಯಾಗಿ ಸುರಿಯಬಹುದು. ನಾರ್ವೆಯ ಉನ್ನತ ಕ್ರೀಡಾ ಕೇಂದ್ರವಾದ ಒಲಿಂಪಿಯಾಟೊಪೆನ್ ಹೃದಯ ಬಡಿತದ ಆಧಾರದ ಮೇಲೆ ಸಹನಶಕ್ತಿಯ ತರಬೇತಿಯನ್ನು ಐದು ವಲಯಗಳಾಗಿ ವಿಂಗಡಿಸಿದೆ. ಯಾವ ದಿನ ಯಾವ ವಲಯದಲ್ಲಿರಬೇಕು ಎಂಬ ಶಿಸ್ತನ್ನು ಅಲ್ಲಿಯ ಸ್ಪರ್ಧಿಗಳು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಹೆಚ್ಚಿನವರು ತಪ್ಪುವುದು ನಿಧಾನವಾಗಿರಬೇಕಾದ ದಿನ ಸ್ವಲ್ಪ ವೇಗವಾಗಿ ಹೋಗಿ, ವೇಗವಾಗಿರಬೇಕಾದ ದಿನ ಬಲವಿಲ್ಲದೆ ನಿಧಾನವಾಗುವುದರಲ್ಲಿ.

ಹಿಮವಿಲ್ಲದ ತಿಂಗಳುಗಳಲ್ಲಿ ಈ ತರಬೇತಿ ಬೆಟ್ಟಗಳಲ್ಲಿ ಓಟವಾಗಿ, ಕೋಲು ಹಿಡಿದು ಏರು ಹತ್ತುವುದಾಗಿ, ಡಾಂಬರು ರಸ್ತೆಯ ಮೇಲೆ ರೋಲರ್ ಸ್ಕೀಯಿಂಗ್ ಆಗಿ ನಡೆಯುತ್ತದೆ. ಚಿಕ್ಕ ಗಾಲಿಗಳುಳ್ಳ ರೋಲರ್ ಸ್ಕೀಗಳಲ್ಲಿ ಎರಡೂ ಶೈಲಿಗಳ ಚಲನೆಯನ್ನು ಅಭ್ಯಾಸ ಮಾಡಬಹುದು.

ಇದರ ಜೊತೆಗೆ ಬ್ಯೋರ್ಗೆನ್ ಅವರನ್ನು ಸಮಕಾಲೀನರಿಂದ ಬೇರ್ಪಡಿಸಿದ್ದು ತೋಳು, ಭುಜ ಮತ್ತು ಬೆನ್ನಿನ ಬಲ. ಕ್ರಾಸ್‌ಕಂಟ್ರಿಯಲ್ಲಿ ಎರಡೂ ಕೋಲುಗಳನ್ನು ಒಟ್ಟಿಗೆ ಹಿಮಕ್ಕೆ ಊರಿ, ಹೊಟ್ಟೆಯ ಸ್ನಾಯುಗಳಿಂದ ಬಾಗಿ, ದೇಹವನ್ನೇ ಮುಂದಕ್ಕೆ ಎಸೆಯುವ ಚಲನೆಯೊಂದಿದೆ. ಕ್ಲಾಸಿಕ್ ಶೈಲಿಯ ಸಮತಟ್ಟಿನಲ್ಲಿ ಮತ್ತು ಕೊನೆಯ ನೂರು ಮೀಟರಿನಲ್ಲಿ ಇದೇ ನಿರ್ಣಾಯಕ. ಹಾದಿಗಳನ್ನು ಯಂತ್ರಗಳಿಂದ ಗಟ್ಟಿಯಾಗಿ ಸಮಗೊಳಿಸುವುದು ಹೆಚ್ಚಿದಂತೆ ಈ ಚಲನೆಯ ಮಹತ್ವವೂ ಹೆಚ್ಚುತ್ತ ಬಂತು. ಮಹಿಳಾ ಸ್ಪರ್ಧಿಗಳು ಬಲವರ್ಧನೆಗೆ ಹೆಚ್ಚು ಒತ್ತು ಕೊಡದಿದ್ದ ಕಾಲದಲ್ಲಿ ಬ್ಯೋರ್ಗೆನ್ ಅದನ್ನು ತರಬೇತಿಯ ಖಾಯಂ ಭಾಗವಾಗಿಸಿಕೊಂಡರು. ದೊಡ್ಡ ಹೃದಯ ಮತ್ತು ಬಲವಾದ ಮೇಲ್ದೇಹ ಒಂದೇ ವ್ಯಕ್ತಿಯಲ್ಲಿ ಕೂಡಿದಾಗ, ಏರಿನಲ್ಲಿ ಹಿಂದೆ ಬೀಳದ ಸ್ಪ್ರಿಂಟರೂ ಕೊನೆಯಲ್ಲಿ ರಭಸ ಉಳಿಸಿಕೊಂಡ ದೂರದ ಸ್ಪರ್ಧಿಯೂ ಒಬ್ಬರೇ ಆಗುತ್ತಾರೆ.

ಆಸ್ತಮಾದ ವಿವಾದ

ವ್ಯಾಂಕೂವರ್‌ನ ಗೆಲುವುಗಳಿಗೆ ಅಂಟಿಕೊಂಡೇ ಒಂದು ವಿವಾದವೂ ಬಂತು. ಬ್ಯೋರ್ಗೆನ್ ಅವರಿಗೆ ಆಸ್ತಮಾ ಇತ್ತು, ಮತ್ತು ಆಗ ನಿರ್ಬಂಧಿತವಾಗಿದ್ದ ಔಷಧವೊಂದನ್ನು ವೈದ್ಯಕೀಯ ಕಾರಣಕ್ಕಾಗಿ ಬಳಸಲು ಅವರು ಅಧಿಕೃತ ಅನುಮತಿ ಪಡೆದಿದ್ದರು. ಕೊವಾಲ್ಚಿಕ್ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದಾಗಿ, ಕ್ರಾಸ್‌ಕಂಟ್ರಿ ಸ್ಪರ್ಧಿಗಳಲ್ಲಿ ಆಸ್ತಮಾ ಮತ್ತು ಶ್ವಾಸನಾಳದ ಕಿರಿದಾಗುವಿಕೆ ಸಾಮಾನ್ಯ ಜನರಿಗಿಂತ ಹೆಚ್ಚು. ವರ್ಷಕ್ಕೆ ನೂರಾರು ಗಂಟೆ, ಅತಿ ತಣ್ಣನೆಯ ಒಣ ಗಾಳಿಯನ್ನು ಭಾರಿ ಪ್ರಮಾಣದಲ್ಲಿ ಬಾಯಿಂದ ಎಳೆದುಕೊಳ್ಳುವಾಗ ಶ್ವಾಸನಾಳದ ಒಳಪದರ ಒಣಗಿ ಗಾಯಗೊಳ್ಳುತ್ತದೆ. ಆ ಮಟ್ಟಿಗೆ ಅದು ಈ ವೃತ್ತಿಯ ಕಾಯಿಲೆ. ಎರಡನೆಯದಾಗಿ, ಅನುಮತಿಯ ಚೌಕಟ್ಟಿನೊಳಗೇ ಔಷಧ ಬಳಸಿದರೂ ಪ್ರತಿಸ್ಪರ್ಧಿಗಳಲ್ಲಿ ಅನುಮಾನ ಉಳಿಯುವುದು ಅಸಹಜವಲ್ಲ. ಬ್ಯೋರ್ಗೆನ್ ನಿಯಮ ಮುರಿದವರಲ್ಲ, ಅವರ ಮೇಲೆ ಉದ್ದೀಪನ ಮದ್ದಿನ ಪ್ರಕರಣವೂ ಇಲ್ಲ. ಆದರೆ ಕೊವಾಲ್ಚಿಕ್ ಎತ್ತಿದ್ದು ನಿಯಮ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ, ಮತ್ತು ಅದು ಅಲ್ಲಿಗೆ ಮುಗಿಯಲಿಲ್ಲ. 2016ರಲ್ಲಿ ನಾರ್ವೆಯ ಪುರುಷ ತಂಡದ ಮಾರ್ಟಿನ್ ಯೊನ್ಸ್ರುಡ್ ಸುಂಡ್‌ಬಿ ಅವರನ್ನು ಆಸ್ತಮಾ ಔಷಧದ ಬಳಕೆಯ ಪ್ರಕರಣದಲ್ಲಿ ಎರಡು ತಿಂಗಳು ಅಮಾನತುಗೊಳಿಸಿದಾಗ ನಾರ್ವೆಯಲ್ಲಿಯೇ ಈ ಚರ್ಚೆ ತೀವ್ರವಾಯಿತು.

ಒಬ್ಬರೇ ಅಲ್ಲ

2011ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಆಸ್ಲೋದ ಹೋಲ್ಮೆನ್‌ಕೋಲೆನ್‌ನಲ್ಲಿ. 1892ರಿಂದ ಸ್ಕೀ ಸ್ಪರ್ಧೆಗಳು ನಡೆಯುತ್ತಿರುವ ಆ ಬೆಟ್ಟ ನಾರ್ವೆಯವರ ಪಾಲಿಗೆ ಬರಿಯ ಕ್ರೀಡಾಂಗಣವಲ್ಲ. ಅಲ್ಲಿ ಬ್ಯೋರ್ಗೆನ್ ನಾಲ್ಕು ಚಿನ್ನ ಗೆದ್ದರು. ಐದನೆಯದಾದ 30 ಕಿಲೋಮೀಟರನ್ನು ಮಾತ್ರ ಅವರಿಂದ ಕಸಿದುಕೊಂಡದ್ದು ಅವರದೇ ತಂಡದ ತೆರೇಸೆ ಯೊಹಾವ್ಗ್. 2013ರ ವಾಲ್ ದಿ ಫಿಯೆಮ್ಮೆಯಲ್ಲಿ ಮತ್ತೆ ನಾಲ್ಕು ಚಿನ್ನ, ಮತ್ತೆ ಒಂದು ಬೆಳ್ಳಿ. ಅಲ್ಲಿಯೂ 10 ಕಿಲೋಮೀಟರ್‌ನಲ್ಲಿ ಮುಂದೆ ನಿಂತವರು ಯೊಹಾವ್ಗ್. ಜಗತ್ತಿನಲ್ಲಿ ತನ್ನನ್ನು ಸೋಲಿಸಬಲ್ಲ ವ್ಯಕ್ತಿಯೊಂದಿಗೇ ದಿನವೂ ತರಬೇತಿ ಮಾಡುವುದು ಎಷ್ಟು ದೊಡ್ಡ ಅನುಕೂಲವೆಂಬುದನ್ನು ಪದಕಪಟ್ಟಿ ತೋರಿಸುವುದಿಲ್ಲ.

2014ರ ಸೋಚಿ ಕಠಿಣವಾಗಿತ್ತು. ಕೂಟದ ಆರಂಭದಲ್ಲಿಯೇ ತಂಡದ ಆಸ್ಟ್ರಿಡ್ ಯಾಕೋಬ್ಸೆನ್ ಅವರ ಸಹೋದರ ಅನಿರೀಕ್ಷಿತವಾಗಿ ತೀರಿಕೊಂಡರು. ಮರುದಿನ ನಾರ್ವೆಯ ಮಹಿಳೆಯರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಸ್ಕಿಯಾಥ್ಲಾನ್‌ಗೆ ಇಳಿದರು. ಬ್ಯೋರ್ಗೆನ್ ಸ್ವೀಡನ್ನಿನ ಶಾರ್ಲಟ್ ಕಲ್ಲಾ ಅವರನ್ನು ಹಿಂದಿಕ್ಕಿ ಗೆದ್ದರು. ನಂತರ ಸ್ಪ್ರಿಂಟ್ ಸೆಮಿಫೈನಲ್‌ನಲ್ಲಿ ಬಿದ್ದರು, ರಿಲೇಯಲ್ಲಿ ಸ್ಕೀಗಳು ಕೈಕೊಟ್ಟವು. ಆದರೂ ಇಬ್ಬರು ಸರದಿಯಂತೆ ಸಾಗುವ ‘ತಂಡ ಸ್ಪ್ರಿಂಟ್’ ಸ್ಪರ್ಧೆಯನ್ನೂ 30 ಕಿಲೋಮೀಟರನ್ನೂ ಗೆದ್ದು ಅವರು ಮೂರು ಚಿನ್ನಗಳೊಂದಿಗೆ ಮರಳಿದರು. ಆ 30 ಕಿಲೋಮೀಟರ್‌ನಲ್ಲಿ ಮೂರೂ ಪದಕ ನಾರ್ವೆಯ ಪಾಲಾದವು.

2015ರ ಡಿಸೆಂಬರ್‌ನಲ್ಲಿ ಅವರು ಮಗ ಮಾರಿಯುಸ್‌ಗೆ ಜನ್ಮ ನೀಡಿದರು. ಅವರ ಸಂಗಾತಿ ಫ್ರೆಡ್ ಬೊರೆ ಲುಂಡ್‌ಬರ್ಗ್ ಕೂಡ ಸ್ಕೀ ಜಿಗಿತ ಮತ್ತು ಕ್ರಾಸ್‌ಕಂಟ್ರಿ ಎರಡೂ ಸೇರಿದ ನಾರ್ಡಿಕ್ ಕಂಬೈನ್ಡ್ ಕ್ರೀಡೆಯಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು. ಗರ್ಭಿಣಿಯಾಗಿದ್ದಾಗ ಬ್ಯೋರ್ಗೆನ್ ತರಬೇತಿಯ ಪ್ರಮಾಣವನ್ನೂ ತೀವ್ರತೆಯನ್ನೂ ತಗ್ಗಿಸಿ ಮುಂದುವರಿಸಿದರು. ಆ ಅವಧಿಯ ದಾಖಲೆಗಳೂ ಮುಂದೆ ವೈಜ್ಞಾನಿಕ ಅಧ್ಯಯನವಾಗಿ ಪ್ರಕಟವಾಗಿ, ಹೆರಿಗೆಯ ನಂತರ ಕ್ರೀಡೆಗೆ ಮರಳಬಯಸುವವರಿಗೆ ದೊರೆತ ಕೆಲವೇ ವಿವರವಾದ ಆಧಾರಗಳಲ್ಲಿ ಒಂದಾದವು. ಹೆರಿಗೆಯಾದ ಹದಿನಾಲ್ಕು ತಿಂಗಳಿಗೆ, 37ರ ಹೊಸ್ತಿಲಲ್ಲಿ, ಅವರು ಫಿನ್ಲೆಂಡಿನ ಲಾಹ್ತಿ ವಿಶ್ವ ಚಾಂಪಿಯನ್‌ಷಿಪ್‌ಗೆ ಇಳಿದು ಸ್ಕಿಯಾಥ್ಲಾನ್, 10 ಕಿಲೋಮೀಟರ್ ಕ್ಲಾಸಿಕ್, ರಿಲೇ ಮತ್ತು 30 ಕಿಲೋಮೀಟರ್ ಫ್ರೀಸ್ಟೈಲ್ ನಾಲ್ಕನ್ನೂ ಗೆದ್ದರು. ವಯಸ್ಸಿನೊಂದಿಗೆ ಮೊದಲು ಕುಂದುವುದು ಸ್ಪ್ರಿಂಟ್‌ನ ಸ್ಫೋಟಕ ವೇಗ. ಹದಿನೈದು ವರ್ಷಗಳ ನಿಧಾನದ ಗಂಟೆಗಳು ಕಟ್ಟಿದ ಸಹನಶಕ್ತಿ ಅಷ್ಟು ಬೇಗ ಕರಗುವುದಿಲ್ಲ.

ಕೊನೆಯ ಒಲಿಂಪಿಕ್ಸ್

2018ರಲ್ಲಿ ದಕ್ಷಿಣ ಕೊರಿಯಾದ ಪ್ಯಾಂಗ್‌ಚಾಂಗ್‌ನಲ್ಲಿ ಅವರು ಐದು ಪದಕ ಗೆದ್ದರು. ಮೊದಲ ದಿನದ ಸ್ಕಿಯಾಥ್ಲಾನ್ ಬೆಳ್ಳಿಯಿಂದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅತಿ ಹೆಚ್ಚು ಪದಕ ಗೆದ್ದ ಮಹಿಳೆಯಾದರು. ರಿಲೇಯ ಕೊನೆಯ ಹಂತದಲ್ಲಿ ಸ್ವೀಡನ್ನಿನ ಸ್ಟಿನಾ ನಿಲ್ಸನ್ ಅವರನ್ನು ಎರಡು ಸೆಕೆಂಡಿನಿಂದ ಹಿಂದಿಕ್ಕಿ ತಂಡಕ್ಕೆ ಚಿನ್ನ ತಂದರು. ತಂಡ ಸ್ಪ್ರಿಂಟ್‌ನ ಕಂಚು ಅವರ ಹದಿನಾಲ್ಕನೆಯ ಪದಕ. ಅದರೊಂದಿಗೆ, ಸ್ಕೀಯಿಂಗ್ ಜೊತೆಗೆ ಬಂದೂಕಿನಿಂದ ಗುರಿ ಹೊಡೆಯುವ ಬಯಾಥ್ಲಾನ್ ಕ್ರೀಡೆಯ ಓಲೆ ಐನಾರ್ ಬ್ಯೋರ್ನ್‌ಡಾಲೆನ್ ಅವರ 13 ಪದಕಗಳ ದಾಖಲೆ ಹಿಂದೆ ಬಿತ್ತು.

ಫೆಬ್ರುವರಿ 25ರ 30 ಕಿಲೋಮೀಟರ್ ಕ್ಲಾಸಿಕ್ ಇಡೀ ಕೂಟದ ಕೊನೆಯ ಸ್ಪರ್ಧೆಯಾಗಿತ್ತು. ಆ ಹೊತ್ತಿಗೆ ಜರ್ಮನಿ 14 ಚಿನ್ನ ಗೆದ್ದಿತ್ತು, ನಾರ್ವೆ 13. ಗುಂಪಿನಲ್ಲಿ ಉಳಿದು ಕೊನೆಯ ರಭಸಕ್ಕೆ ಕಾಯುವ ಲೆಕ್ಕಾಚಾರಕ್ಕೆ ಬ್ಯೋರ್ಗೆನ್ ಹೋಗಲಿಲ್ಲ. ಒಬ್ಬರೇ ಮುಂದೆ ಸಾಗಿ, ಎರಡನೆಯವರಾದ ಫಿನ್ಲೆಂಡಿನ ಕ್ರಿಸ್ಟಾ ಪಾರ್ಮಕೊಸ್ಕಿ ಅವರಿಗಿಂತ 1 ನಿಮಿಷ 49.5 ಸೆಕೆಂಡು ಮೊದಲು ಗುರಿ ಮುಟ್ಟಿದರು. ಚಿನ್ನದ ಸಂಖ್ಯೆ ಸಮವಾಯಿತು, ಬೆಳ್ಳಿಗಳ ಲೆಕ್ಕದಲ್ಲಿ ನಾರ್ವೆ ಪದಕಪಟ್ಟಿಯ ಮೇಲೆ ನಿಂತಿತು. ಅವರ ಎಂಟನೆಯ ಒಲಿಂಪಿಕ್ ಚಿನ್ನ ಅದು. ಬ್ಯೋರ್ನ್ ಡೇಲಿ ಮತ್ತು ಬ್ಯೋರ್ನ್‌ಡಾಲೆನ್ ಎಂಬ ಇಬ್ಬರು ನಾರ್ವೆಯವರ ಚಿನ್ನಗಳ ಸಂಖ್ಯೆಯೂ ಅಷ್ಟೇ ಇತ್ತು. ಆ ಏಪ್ರಿಲ್‌ನಲ್ಲಿ ಅವರು ನಿವೃತ್ತಿ ಘೋಷಿಸಿದರು.

ಅವರ ಕಾಲದಲ್ಲಿ ಮಹಿಳೆಯರಿಗೆ ಒಲಿಂಪಿಕ್ಸ್‌ನ ಅತಿ ಉದ್ದದ ಸ್ಪರ್ಧೆ 30 ಕಿಲೋಮೀಟರ್ ಆಗಿದ್ದರೆ ಪುರುಷರಿಗೆ 50 ಕಿಲೋಮೀಟರ್ ಆಗಿತ್ತು. ಪುರುಷರು 1924ರಿಂದ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸುತ್ತಿದ್ದರೂ ಮಹಿಳೆಯರಿಗೆ ಅವಕಾಶ ಸಿಕ್ಕಿದ್ದು 1952ರ ಆಸ್ಲೋದಲ್ಲಿ, ಅದೂ 10 ಕಿಲೋಮೀಟರ್‌ನ ಒಂದೇ ಸ್ಪರ್ಧೆಯ ಮೂಲಕ. 30 ಕಿಲೋಮೀಟರ್ ಸೇರಿದ್ದು 1992ರಲ್ಲಿ. ಮಹಿಳೆಯರ ದೇಹಕ್ಕೆ ಉದ್ದದ ದೂರ ಹೆಚ್ಚಾಯಿತು ಎಂಬ ಹಳೆಯ ಊಹೆಗೆ ಬ್ಯೋರ್ಗೆನ್ ಅವರ 940 ಗಂಟೆಗಳ ದಾಖಲೆಗಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. 2022ರಲ್ಲಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಪುರುಷರಿಗೂ ಮಹಿಳೆಯರಿಗೂ ಸಮಾನ ದೂರಗಳನ್ನು ನಿಗದಿಪಡಿಸಿತು. 2025ರ ಮಾರ್ಚ್‌ನಲ್ಲಿ ಟ್ರೋನ್‌ಹೈಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರು 50 ಕಿಲೋಮೀಟರ್ ದೂರಕ್ಕೆ ಸ್ಪರ್ಧಿಸಿದರು. ಸ್ವೀಡನ್ನಿನ ಫ್ರಿಡಾ ಕಾರ್ಲ್‌ಸನ್ ಗೆದ್ದರು, ಹೈಡಿ ವೆಂಗ್ ಮತ್ತು ತೆರೇಸೆ ಯೊಹಾವ್ಗ್ ಎಂಬ ಬ್ಯೋರ್ಗೆನ್ ಅವರ ಇಬ್ಬರು ಹಳೆಯ ಸಹಸ್ಪರ್ಧಿಗಳು ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದರು.